ಅಳಿವೆಯ ಕೆಸರಿನಲ್ಲಿ ಚಪ್ಪಟೆ ಮೀನಿನ ಮರಿಗಳು ಏನು ತಿಂದು ಬೆಳೆಯುತ್ತವೆ?

ಪ್ರಶ್ನೆ ಕೇಳಿದವರು: ಹೊಳೆಸಾಲು

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನ ಅಘನಾಶಿನಿ ದಂಡೆಯವನು. ಕೆಲಸದ ನಿಮಿತ್ತ ಆರು ವರ್ಷಗಳಿಂದ ನೆದರ್ಲೆಂಡ್ಸಿನ ಉತ್ತರ ಭಾಗದ ಗ್ರೋನಿಂಗೆನ್‌ನಲ್ಲಿದ್ದೇನೆ. ಇಲ್ಲಿಗೆ ಹತ್ತಿರವಿರುವ ವಾಡನ್ ಸಮುದ್ರದಲ್ಲಿ ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಮೈಲುಗಟ್ಟಲೆ ಕೆಸರು ಬಯಲು ತೆರೆದುಕೊಳ್ಳುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಪರಿಣತ ಮಾರ್ಗದರ್ಶಿಗಳ ಜೊತೆ ಜನರು ಅದರ ಮೇಲೆ ನಡೆದು ಹೋಗುತ್ತಾರೆ. ಕಳೆದ ಮೇ ಕೊನೆಯಲ್ಲಿ ಪೀಟರ್‌ಬ್ಯೂರೆನ್ ಹಳ್ಳಿಯ ಕಡೆಯಿಂದ ಹೊರಟ ಅಂಥದೊಂದು ತಂಡದಲ್ಲಿ ನಾನೂ ಇದ್ದೆ.

ಪಾದ ಮುಳುಗುವಷ್ಟೇ ನೀರು ನಿಂತಿದ್ದ ಒಂದು ಗುಂಡಿಯಲ್ಲಿ ಕಾಲಿಡುತ್ತಲೇ ಮರಳಿನ ಚೂರೊಂದು ಎದ್ದು ಓಡಿದ ಹಾಗಾಯಿತು. ಬಗ್ಗಿ ನೋಡಿದರೆ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡದಾದ ಚಪ್ಪಟೆ ಮೀನಿನ ಮರಿ. ಮಾರ್ಗದರ್ಶಿ ಬಿಳಿಯ ತಟ್ಟೆಯಲ್ಲಿ ನೀರು ತುಂಬಿ ಅದನ್ನು ಎತ್ತಿ ತೋರಿಸಿದರು. ಎರಡೂ ಕಣ್ಣುಗಳು ಮೈಯ ಬಲಗಡೆಗೆ, ಬಾಯಿ ಓರೆ, ಸುತ್ತಲೂ ಸೀರೆಯ ಅಂಚಿನ ಹಾಗೆ ಅಲುಗುವ ರೆಕ್ಕೆ. ದೇಹ ಎಷ್ಟು ತೆಳುವೆಂದರೆ ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಹೊಟ್ಟೆಯ ಜಾಗದಲ್ಲಿ ಕಂದು ಬಣ್ಣದ ಸಣ್ಣ ಗಂಟೊಂದು ಚರ್ಮದ ಹೊರಗಿನಿಂದಲೇ ಕಾಣುತ್ತಿತ್ತು. "ಇದರ ಊಟ ಆಗಿದೆ" ಎಂದರು ಅವರು. ಏನು ಊಟ ಎಂದು ಕೇಳಿದ್ದಕ್ಕೆ "ಹುಳುಗಳು" ಎಂದಷ್ಟೇ ಉತ್ತರ ಬಂತು, ಏಕೆಂದರೆ ಭರತ ಏರುವುದರೊಳಗೆ ನಾವು ದಡ ಸೇರಬೇಕಾಗಿತ್ತು.

ಆ ಬಯಲಿನ ಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಶ್ಯಾವಿಗೆ ಒತ್ತಿ ಬಿಟ್ಟಂತಿದ್ದ ಮರಳಿನ ಸುರುಳಿಗಳು ಮತ್ತು ಒಡೆದ ಚಿಪ್ಪುಗಳು ಮಾತ್ರ. ಆ ಸುರುಳಿ ಹಾಕುವ ಹುಳು ಮೀನಿನ ಮರಿಗಿಂತ ಎಷ್ಟೋ ಪಾಲು ದೊಡ್ಡದೆಂದು ಕೇಳಿದ್ದೇನೆ. ಅಕ್ಕಿಕಾಳಿಗಿಂತ ಚಿಕ್ಕದಾದ ಬಾಯಿಯ ಮರಿ ಅದನ್ನು ಹೇಗೆ ತಿಂದೀತು? ಒಂದೇ ಅಳಿವೆಯಲ್ಲಿರುವ ಬೇರೆ ಬೇರೆ ಜಾತಿಯ ಚಪ್ಪಟೆ ಮೀನುಗಳ ಮರಿಗಳು ಒಂದೇ ಆಹಾರಕ್ಕೆ ಬಾಯಿ ಹಾಕುತ್ತವೆಯೇ? ನಮ್ಮ ಕಡೆ ನಂಗು ಎಂದು ಕರೆಯುವ ಮೀನಿನ ಬಗ್ಗೆಯೂ ಇಂಥ ಅಧ್ಯಯನ ನಡೆದಿದೆಯೇ? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕಡಲತಳ

ಹೊಳೆಸಾಲು ಅವರೇ, ನೀವು ಕಂಡದ್ದು ಬಹುಮಟ್ಟಿಗೆ ಪ್ಲೇಸ್ ಎಂಬ ಮೀನಿನ ಮರಿ. ಡಚ್ಚರು ಅದನ್ನು ಸ್ಕೊಲ್ ಎನ್ನುತ್ತಾರೆ. ಬಲಗಡೆಯ ಕಣ್ಣುಗಳು, ಮೇ ಕೊನೆಯ ಹೊತ್ತಿಗೆ ಆ ಗಾತ್ರ, ಇಳಿತದ ಗುಂಡಿಯಲ್ಲಿ ಉಳಿದುಕೊಂಡ ರೀತಿ, ಈ ಮೂರೂ ಅದಕ್ಕೆ ಹೊಂದುತ್ತವೆ. ಇಂಥ ಮರಿಗಳ ಹೊಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೋಡುವುದೇ ಕೆಲವು ವರ್ಷಗಳ ಕಾಲ ನನ್ನ ಕೆಲಸವಾಗಿತ್ತು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

"ಹುಳುಗಳು" ಎಂಬ ಉತ್ತರ ತಪ್ಪಲ್ಲ, ಆದರೆ ಅದು ಮರಿಯ ಬದುಕಿನ ಒಂದು ಹಂತಕ್ಕೆ ಮಾತ್ರ ಸಲ್ಲುವ ಉತ್ತರ. ಈ ಮೀನು ಚಳಿಗಾಲದಲ್ಲಿ ಉತ್ತರ ಸಮುದ್ರದ ದಕ್ಷಿಣ ಭಾಗದ ತೆರೆದ ನೀರಿನಲ್ಲಿ ಮೊಟ್ಟೆ ಬಿಡುತ್ತದೆ. ಸುಮಾರು 2 ಮಿಲಿಮೀಟರ್ ಅಗಲದ ಆ ಮೊಟ್ಟೆಗಳು ತೇಲುತ್ತವೆ, ಒಡೆದು ಬರುವ ಲಾರ್ವಗಳೂ ತೇಲುತ್ತಲೇ ಕರಾವಳಿಯ ಕಡೆಗೆ ಸಾಗುತ್ತವೆ. ಆಗ ಅವುಗಳ ದೇಹ ಇತರ ಮೀನುಗಳಂತೆಯೇ ನೆಟ್ಟಗಿರುತ್ತದೆ, ಒಂದೊಂದು ಪಕ್ಕಕ್ಕೆ ಒಂದೊಂದು ಕಣ್ಣಿರುತ್ತದೆ, ಮತ್ತು ಅವು ಹಿಡಿದು ತಿನ್ನುವುದು ನೀರಿನಲ್ಲೇ ತೇಲುವ ಸೂಕ್ಷ್ಮಪ್ರಾಣಿಗಳನ್ನು. ಅದರಲ್ಲೂ ಓಯ್ಕೊಪ್ಲೂರಾ ಎಂಬ, ಗೊದಮೊಟ್ಟೆಯ ಆಕಾರದ ಮೃದು ಜೀವಿಯೆಂದರೆ ಅವುಗಳಿಗೆ ಬಹಳ ಇಷ್ಟ. ಮುಂದೆ ಎಡಗಣ್ಣು ತಲೆಯ ಮೇಲಿನಿಂದ ಸರಿದು ಬಲಗಡೆಗೆ ಬರುತ್ತದೆ, ಮರಿ ಒಂದು ಮಗ್ಗುಲಿಗೆ ವಾಲುತ್ತದೆ, ಮತ್ತು ಹೆಚ್ಚೂಕಡಿಮೆ ಒಂದೂಕಾಲು ಸೆಂಟಿಮೀಟರ್ ಉದ್ದವಿದ್ದಾಗ ವಾಡನ್ ಸಮುದ್ರದ ಬಯಲಿನಲ್ಲಿ ತಳಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ನೀರಿನಲ್ಲಿ ಬೇಟೆಯಾಡಿದ ಪ್ರಾಣಿ ಕೆಲವೇ ದಿನಗಳೊಳಗೆ ಮಣ್ಣಿನಲ್ಲಿ ಆಹಾರ ಹುಡುಕುವುದನ್ನು ಕಲಿಯಬೇಕಾಗುತ್ತದೆ.

ತಳಕ್ಕಿಳಿದ ಮೊದಲ ವಾರಗಳಲ್ಲಿ ಅದರ ಹೊಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಹಾರ್ಪ್ಯಾಕ್ಟಿಕಾಯ್ಡ್ ಕೋಪಿಪಾಡ್‌ಗಳು. ಇವು ಒಂದು ಮಿಲಿಮೀಟರಿಗೂ ಚಿಕ್ಕದಾದ, ಮರಳಿನ ಕಣಗಳ ನಡುವೆಯೂ ಮೇಲ್ಪದರದ ಪಾಚಿಯಲ್ಲೂ ಹರಿದಾಡುವ ಕಠಿಣಚರ್ಮಿಗಳು. ಇಳಿತದ ಹೊತ್ತಿಗೆ ಆ ಬಯಲಿನ ಮೇಲೆ ಕಂದು ಮಿಶ್ರಿತ ಚಿನ್ನದ ಬಣ್ಣದ ತೆಳುವಾದ ಲೇಪವೊಂದು ಮಿನುಗುವುದನ್ನು ನೀವು ಗಮನಿಸಿರಬಹುದು. ಅದು ಡಯಾಟಮ್ ಎಂಬ ಏಕಕೋಶ ಪಾಚಿ. ಕೋಪಿಪಾಡ್‌ಗಳು ಮೇಯುವುದು ಅದನ್ನೇ, ಮರಿಗಳು ಹೆಕ್ಕುವುದು ಆ ಕೋಪಿಪಾಡ್‌ಗಳನ್ನು. ಬಾಯಿ ಎಷ್ಟು ತೆರೆಯುತ್ತದೋ ಅಷ್ಟೇ ಊಟ ಎಂಬುದು ಈ ಹಂತದ ನಿಯಮ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಶ್ಯಾವಿಗೆಯಂಥ ಸುರುಳಿ ಹಾಕುವುದು ಅರೆನಿಕೋಲಾ ಎಂಬ ಹುಳು. ಅದು ಮರಳಿನೊಳಗೆ ಅಡ್ಡ ಬಿಲ ತೋಡಿಕೊಂಡು ಕೂತಿರುತ್ತದೆ, ಮರಳನ್ನು ನುಂಗಿ ಅದರಲ್ಲಿರುವ ಸಾರವನ್ನು ಹೀರಿಕೊಳ್ಳುತ್ತದೆ, ಮತ್ತು ಉಳಿದದ್ದನ್ನು ಹೊರಹಾಕಲು ಆಗಾಗ ಹಿಮ್ಮುಖವಾಗಿ ಮೇಲೇರಿ ಬಾಲದ ತುದಿಯನ್ನು ಬಿಲದ ಬಾಯಿಗೆ ತರುತ್ತದೆ. ಮರಿಗೆ ಬೇಕಾದದ್ದು ಆ ಕ್ಷಣ. ಅದು ಹುಳುವನ್ನು ಎಳೆದು ತೆಗೆಯುವುದಿಲ್ಲ. ಬಾಲದ ತುದಿಯನ್ನಷ್ಟೇ ಕಚ್ಚಿ ಕತ್ತರಿಸಿಕೊಳ್ಳುತ್ತದೆ. ಹುಳು ಸಾಯದೆ ಬಿಲದೊಳಕ್ಕೆ ಜಾರುತ್ತದೆ, ಮತ್ತೆ ತಿನ್ನುತ್ತದೆ, ಕಳೆದುಕೊಂಡದ್ದನ್ನು ತುಂಬಿಕೊಳ್ಳುತ್ತದೆ.

ಇದೇ ವ್ಯವಹಾರ ಚಿಪ್ಪಿನ ಪ್ರಾಣಿಗಳ ಜೊತೆಗೂ ನಡೆಯುತ್ತದೆ. ಮ್ಯಾಕೋಮಾ ಎಂಬ, ಬೆರಳಿನ ಉಗುರಿನಷ್ಟಿರುವ ಒಂದು ಜಾತಿಯ ಬಳಚು ಕೆಸರಿನಲ್ಲಿ ಕೆಲವು ಸೆಂಟಿಮೀಟರ್ ಆಳದಲ್ಲಿ ಹೂತುಕೊಂಡು, ಉದ್ದನೆಯ ಕೊಳವೆಯೊಂದನ್ನು ಮೇಲಕ್ಕೆ ಚಾಚಿ, ಅದರ ತುದಿಯನ್ನು ನೆಲದ ಮೇಲೆ ಪೊರಕೆಯಂತೆ ಆಡಿಸಿ ಪಾಚಿ ಮತ್ತು ಕಸದ ಕಣಗಳನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಚಿಪ್ಪು ಮರಿಯ ಬಾಯಿಗೆ ನಿಲುಕದು, ಆದರೆ ಕೊಳವೆಯ ತುದಿ ನಿಲುಕುತ್ತದೆ. ಹೊಟ್ಟೆ ಬಿಡಿಸಿದಾಗ ಬಿಳಿಯ, ಪಾರದರ್ಶಕವಾದ, ಬಳೆಯ ಚೂರುಗಳಂಥ ತುಂಡುಗಳ ರಾಶಿಯೇ ಸಿಗುವುದುಂಟು. ಮೊದಲ ಸಲ ನೋಡಿದವರಿಗೆ ಅದು ಯಾವ ಪ್ರಾಣಿಯೆಂದು ಗೊತ್ತಾಗುವುದಿಲ್ಲ, ಏಕೆಂದರೆ ಅದು ಇಡೀ ಪ್ರಾಣಿಯೇ ಅಲ್ಲ. ಸ್ಪಿಯಾನಿಡ್ ಗುಂಪಿನ ಸಣ್ಣ ಹುಳುಗಳು ಬಿಲದಿಂದ ಹೊರಚಾಚುವ ಎರಡು ಮೀಸೆಗಳಿಗೂ ಇದೇ ಗತಿ. 1970ರ ದಶಕದಲ್ಲಿ ಡಚ್ ಸಂಶೋಧಕ ಡಿ ವ್ಲಾಸ್ ಅವರು ವಾಡನ್ ಸಮುದ್ರದ ಪ್ಲೇಸ್ ಮತ್ತು ಫ್ಲೌಂಡರ್ ಎಂಬ ಇನ್ನೊಂದು ಚಪ್ಪಟೆ ಮೀನಿನ ವರ್ಷದ ಆಹಾರವನ್ನು ಲೆಕ್ಕ ಹಾಕುವಾಗ ಹೀಗೆ ಮತ್ತೆ ಬೆಳೆಯುವ ಭಾಗಗಳನ್ನೇ ವಿಶೇಷವಾಗಿ ಗಮನಿಸಿ 1979ರಲ್ಲಿ ಪ್ರಕಟಿಸಿದರು. ಬೇಟೆ ಎನ್ನುವುದಕ್ಕಿಂತ ಇದನ್ನು ಮೇಯುವುದು ಎನ್ನುವುದು ಹೆಚ್ಚು ಸರಿ ಎಂದು ನನಗೆ ಅನಿಸುತ್ತದೆ: ಹಸು ಹುಲ್ಲಿನ ತುದಿ ಮೇಯ್ದು ಬೇರನ್ನು ಬಿಡುವ ಹಾಗೆ, ಮರಿಗಳು ತುದಿ ತಿಂದು ಪ್ರಾಣಿಯನ್ನು ಉಳಿಸುತ್ತವೆ, ಅದೇ ಬಯಲು ಕೆಲವು ವಾರಗಳಲ್ಲಿ ಮತ್ತೆ ಊಟ ಕೊಡುತ್ತದೆ.

ಆದರೆ ಚಿಪ್ಪಿನ ಪ್ರಾಣಿಗೆ ಇದು ನಷ್ಟವಿಲ್ಲದ ವ್ಯವಹಾರವಲ್ಲ. ಕೊಳವೆ ಗಿಡ್ಡವಾದರೆ ಅದು ಆಳದಲ್ಲಿದ್ದುಕೊಂಡು ಮೇಲ್ಮೈಯನ್ನು ಮುಟ್ಟಲಾರದು, ಆದ್ದರಿಂದ ಮೇಲಕ್ಕೆ ಸರಿಯಬೇಕಾಗುತ್ತದೆ; ಮೇಲಕ್ಕೆ ಬಂದದ್ದು ಕಡಲ ಹಕ್ಕಿಗಳ ಕೊಕ್ಕಿಗೆ ಸುಲಭವಾಗಿ ಸಿಗುತ್ತದೆ.

ಬೇಸಿಗೆ ಮುಂದುವರಿದು ಮರಿ ಐದಾರು ಸೆಂಟಿಮೀಟರ್ ದಾಟುವ ಹೊತ್ತಿಗೆ ಇಡಿಯ ಹುಳುಗಳು, ಎಳೆಯ ಚಿಪ್ಪುಗಳು, ಪುಟ್ಟ ಕಠಿಣಚರ್ಮಿಗಳಾದ ಆಂಫಿಪಾಡ್‌ಗಳು ಹೊಟ್ಟೆಯಲ್ಲಿ ಹೆಚ್ಚುತ್ತವೆ. ಇಲ್ಲಿ ಒಂದು ವಿಶೇಷವನ್ನು ಹೇಳಲೇಬೇಕು. ಕ್ರಾಂಗಾನ್ ಎಂಬ ಕಂದು ಸೀಗಡಿ, 3 ಸೆಂಟಿಮೀಟರಿಗಿಂತ ಚಿಕ್ಕದಾದ ಪ್ಲೇಸ್ ಮರಿಗಳನ್ನು ಹಿಡಿದು ತಿನ್ನುತ್ತದೆ. ವಸಂತದಲ್ಲಿ ಮರಿಗಳ ಸಾವಿಗೆ ದೊಡ್ಡ ಕಾರಣ ಅದೇ. ಆ ಗಾತ್ರ ದಾಟಿದ ಮರಿ ಸೀಗಡಿಯ ಕೈಗೆ ಸಿಗುವುದಿಲ್ಲ, ಮುಂದೆ ತಾನೇ ಸಣ್ಣ ಸೀಗಡಿಗಳನ್ನು ತಿನ್ನತೊಡಗುತ್ತದೆ. ಆದ್ದರಿಂದ ಕೋಪಿಪಾಡ್ ತಿಂದು ಬೇಗ ಬೆಳೆಯುವುದೆಂದರೆ ಮರಿಗೆ ಬರಿಯ ಹೊಟ್ಟೆಯ ಮಾತಲ್ಲ, ಜೀವ ಉಳಿಸಿಕೊಳ್ಳುವ ಮಾತು.

ಬಾಯಿಯ ರಚನೆಯೂ ಇದಕ್ಕೆ ತಕ್ಕ ಹಾಗೆಯೇ ಇದೆ. ಕಣ್ಣಿಲ್ಲದ, ನೆಲಕ್ಕೆ ತಾಗುವ ಕಡೆಯ ದವಡೆ ಮತ್ತು ಹಲ್ಲುಗಳು ಮೇಲಿನ ಕಡೆಯವಕ್ಕಿಂತ ಬಲವಾಗಿವೆ, ಏಕೆಂದರೆ ಕಚ್ಚುವುದೆಲ್ಲ ಕೆಳಮುಖವಾಗಿಯೇ.

ಉತ್ತರ: ಪಶ್ಚಿಮವಾಹಿನಿ

ಕಡಲತಳ ಅವರ ವಿವರಣೆ ಬಹಳ ಚೆನ್ನಾಗಿದೆ. ಆದರೆ ಅವರು ಬರೆದದ್ದು ಹೆಚ್ಚಾಗಿ ಉಪ್ಪುನೀರಿನ ತೆರೆದ ಬಯಲಿನ ಕಥೆ; ಪ್ರಶ್ನೆ ಅಳಿವೆಯದು. ಹೊಳೆಸಾಲು ಅವರು ಗ್ರೋನಿಂಗೆನ್‌ನಿಂದ ಪೂರ್ವಕ್ಕೆ, ಜರ್ಮನಿಯ ಗಡಿಯಲ್ಲಿರುವ ಎಮ್ಸ್ ನದಿಯ ಅಳಿವೆಗೆ ಹೋದರೆ, ಅದರ ಒಳಗಿನ ಡಾಲರ್ಟ್ ಕೊಲ್ಲಿಯಲ್ಲಿ ಬೇರೆಯದೇ ಲೋಕವನ್ನು ನೋಡಬಹುದು. ಅಲ್ಲಿ ಮರಳಿಗಿಂತ ನುಣುಪಾದ ಕೆಸರು ಹೆಚ್ಚು, ಉಪ್ಪು ಕಡಿಮೆ, ಆದ್ದರಿಂದ ಪ್ಲೇಸ್ ಮರಿಗಳಿಗಿಂತ ಫ್ಲೌಂಡರ್ ಮರಿಗಳಿಗೆ ಅದು ಒಗ್ಗುತ್ತದೆ. ಫ್ಲೌಂಡರ್ ಹುಟ್ಟುವುದು ಸಮುದ್ರದಲ್ಲೇ ಆದರೂ ಅದರ ಎಳೆಯ ಮರಿಗಳು ಭರತದ ಜೊತೆ ಮೇಲೇರಿ, ಇಳಿತದ ಹೊತ್ತಿಗೆ ತಳ ಹಿಡಿದು ಕೂತು, ಹೀಗೆ ಹೆಜ್ಜೆ ಹೆಜ್ಜೆಯಾಗಿ ನದಿಯೊಳಕ್ಕೆ ಸಾಗುತ್ತವೆ. ಕೆಲವು ಪೂರ್ತಿ ಸಿಹಿನೀರಿನವರೆಗೂ ಹೋಗುತ್ತವೆ. ಸಿಹಿನೀರಿನ ಕಡೆ ಅವುಗಳಿಗೆ ಸಿಗುವುದು ಸೊಳ್ಳೆಯನ್ನು ಹೋಲುವ ಕೈರೋನೊಮಿಡ್ ನೊಣಗಳ ಕೆಂಪು ಮರಿಹುಳುಗಳು; ಸವಳು ನೀರಿನ ಕೆಸರಿನಲ್ಲಿ ಕೊರೋಫಿಯಂ.

ಈ ಕೊರೋಫಿಯಂ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಯುರೋಪಿನ ಅಳಿವೆಗಳಲ್ಲಿ ಮರಿಮೀನುಗಳಿಗೂ ಹಕ್ಕಿಗಳಿಗೂ ಅದು ದಿನನಿತ್ಯದ ಅನ್ನವಿದ್ದಂತೆ. ಒಂದು ಸೆಂಟಿಮೀಟರ್‌ವರೆಗೆ ಬೆಳೆಯುವ ಈ ಆಂಫಿಪಾಡ್ ಕೆಸರಿನಲ್ಲಿ ಇಂಗ್ಲಿಷಿನ ಯು ಅಕ್ಷರದ ಆಕಾರದ ಬಿಲ ತೋಡಿ, ಮೈಯಷ್ಟೇ ಉದ್ದದ ಎರಡು ಮೀಸೆಗಳಿಂದ ಸುತ್ತಲಿನ ಮೇಲ್ಪದರವನ್ನು ಬಾಚಿ ಎಳೆದುಕೊಳ್ಳುತ್ತದೆ. ಒಂದು ಅಂಗೈ ಅಗಲದ ಕೆಸರಿನಲ್ಲಿ ಹತ್ತಾರು ಬಿಲಗಳಿರುವುದು ಸಾಮಾನ್ಯ. ಇಳಿತ ಪೂರ್ತಿಯಾದಾಗ ಕೆಸರಿಗೆ ಕಿವಿ ಹತ್ತಿರ ಹಿಡಿದರೆ ಚಿಟಪಟ ಎಂಬ ಸಣ್ಣ ಸದ್ದು ಕೇಳುತ್ತದೆ. ಇವುಗಳ ಮೀಸೆಗಳ ನಡುವಿನ ನೀರಿನ ಪೊರೆ ಒಡೆಯುವ ಸದ್ದು ಅದು. ಕೊರೋಫಿಯಂ ಜೊತೆಗೆ ಹೆಡಿಸ್ಟೆ ಎಂಬ ಹುಳುವೂ ನಿಯೋಮೈಸಿಸ್ ಎಂಬ ಸೀಗಡಿಯಂಥ ಪುಟ್ಟ ಜೀವಿಯೂ ಫ್ಲೌಂಡರ್ ಮರಿಗಳ ಹೊಟ್ಟೆಯಲ್ಲಿ ಸಿಗುತ್ತವೆ.

ಸೋಲ್ ಮೀನಿನ ಮರಿಗಳೂ ಇದೇ ಜೀವಿಗಳನ್ನೇ ತಿನ್ನುತ್ತವೆ. ಪೋರ್ಚುಗಲ್‌ನ ಟೇಗಸ್ ಅಳಿವೆಯಲ್ಲಿ ಎರಡು ಜಾತಿಯ ಸೋಲ್ ಮರಿಗಳು ಒಟ್ಟಿಗೇ ಬೆಳೆಯುತ್ತವೆ, ಅವುಗಳ ಮುಖ್ಯ ಆಹಾರವೂ ಹುಳುಗಳು, ಕೊರೋಫಿಯಂ ಮತ್ತು ಚಿಪ್ಪಿನ ಪ್ರಾಣಿಗಳೇ. ಹಾಗಾದರೆ ಒಂದರ ತಟ್ಟೆಗೆ ಇನ್ನೊಂದು ಕೈಹಾಕುವುದಿಲ್ಲವೇ ಎಂದು ನೀವು ಕೇಳಬಹುದು. ತಟ್ಟೆ ಒಂದೇ ಆದರೂ ಹುಡುಕುವ ರೀತಿ ಬೇರೆ. ಪ್ಲೇಸ್ ಹಗಲಿನಲ್ಲಿ ಕಣ್ಣಿನಿಂದ ಹುಡುಕುತ್ತದೆ, ಅಲುಗುವುದನ್ನು ಕಂಡು ಕಚ್ಚುತ್ತದೆ. ಸೋಲ್ ರಾತ್ರಿಯ ಮೀನು. ಅದರ ತಲೆಯ ಕೆಳಬದಿಯಲ್ಲಿ ಮೆತ್ತನೆಯ ಕುಚ್ಚುಗಳಿವೆ, ಅವುಗಳಿಂದ ನೆಲವನ್ನು ತಡವಿ, ವಾಸನೆ ಹಿಡಿದು, ಹೂತಿರುವ ಹುಳುವನ್ನು ಹುಡುಕಿ ತೆಗೆಯುತ್ತದೆ. ಡಚ್ ವಿಜ್ಞಾನಿ ಡಿ ಗ್ರೂಟ್ 1971ರಲ್ಲಿ ಚಪ್ಪಟೆ ಮೀನುಗಳನ್ನು ಮೀನು ತಿನ್ನುವವು, ಹುಳು ಮತ್ತು ಚಿಪ್ಪು ತಿನ್ನುವವು ಎಂದೆಲ್ಲ ವಿಂಗಡಿಸುವಾಗ ಜಠರ ಹಾಗೂ ಕರುಳಿನ ರಚನೆಯನ್ನೂ ಬೇಟೆಯ ರೀತಿಯನ್ನೂ ಒಟ್ಟಿಗೇ ನೋಡಿದರು. ಸೋಲ್ ಬಳಗದವುಗಳಿಗೆ ಜಠರ ಚಿಕ್ಕದು, ಕರುಳು ಉದ್ದ, ಅಂದರೆ ಆಗಾಗ ಸ್ವಲ್ಪ ಸ್ವಲ್ಪ ತಿನ್ನುವ ಜೀವನ.

ಒಂದು ವಿಷಯದಲ್ಲಿ ಮಾತ್ರ ಕಡಲತಳ ಅವರಿಗಿಂತ ನನ್ನ ಒತ್ತು ಬೇರೆ. ಬಯಲು ಮತ್ತೆ ಮತ್ತೆ ಊಟ ಕೊಡುತ್ತದೆ ಎಂಬ ಮಾತನ್ನು ಓದಿದವರಿಗೆ ಆಹಾರ ಅಲ್ಲಿ ಎಂದೂ ಮುಗಿಯದು ಎಂದು ತೋರಬಹುದು. ನರ್ಸರಿಯಲ್ಲಿ, ಅಂದರೆ ಮರಿಗಳು ಬೆಳೆಯುವ ಇಂಥ ಬಯಲುಗಳಲ್ಲಿ, ಅವು ನೀರಿನ ಬಿಸಿ ಎಷ್ಟು ಬಿಡುತ್ತದೋ ಅಷ್ಟು ವೇಗವಾಗಿ ಬೆಳೆಯುತ್ತವೆ, ಆಹಾರದ ಕೊರತೆ ಇಲ್ಲ ಎಂಬ ವಾದ ಬಹಳ ಕಾಲ ನಡೆದುಬಂತು. ಆದರೆ ಬೇಸಿಗೆಯ ಎರಡನೆಯ ಭಾಗದಲ್ಲಿ ಪ್ಲೇಸ್ ಮರಿಗಳ ಬೆಳವಣಿಗೆ ಆ ಲೆಕ್ಕಕ್ಕಿಂತ ಹಿಂದೆ ಬೀಳುವುದನ್ನು ಆಮೇಲಿನ ಅಳತೆಗಳು ತೋರಿಸಿವೆ. ಆಹಾರದ ಪ್ರಮಾಣ ನದಿಯ ಮೇಲೂ ನಿಂತಿರುತ್ತದೆ. ಫ್ರಾನ್ಸಿನ ರೋನ್ ನದಿ ಮೆಡಿಟರೇನಿಯನ್ ಸೇರುವಲ್ಲಿ, ಪ್ರವಾಹ ಬಂದು ಮಣ್ಣು ಮತ್ತು ಕೊಳೆತ ಎಲೆಕಸ ತಳಕ್ಕೆ ಸೇರಿದ ಮೇಲೆ ಹುಳುಗಳ ಸಂಖ್ಯೆ ಏರುತ್ತದೆ. ಅಂಥ ಪ್ರವಾಹದ ಐದು ವರ್ಷಗಳ ನಂತರ ಆ ಪ್ರದೇಶದ ಸೋಲ್ ಮೀನಿನ ಹಿಡುವಳಿ ಹೆಚ್ಚಿದ್ದನ್ನು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹುಳು ತಿಂದು ಬದುಕುಳಿದ ಮರಿಗಳು ಬೆಳೆದು ಬಲೆಗೆ ಬರಲು ಅಷ್ಟು ಕಾಲ ಬೇಕು. ನದಿಗೆ ಅಣೆಕಟ್ಟು ಕಟ್ಟಿ ಮಣ್ಣನ್ನು ತಡೆಯುವವರು ಈ ಒಂದು ಫಲಿತಾಂಶವನ್ನಾದರೂ ಓದಬೇಕೆಂದು ನನ್ನ ಆಸೆ.

ಉತ್ತರ: ಬಂದರಿನವಳು

ಹೊಳೆಸಾಲು ಅವರು ಕೇಳಿದ ನಂಗಿನ ಬಗ್ಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ನಾನು ಮಂಗಳೂರಿನವಳು, ಮೀನುಗಾರಿಕೆಯನ್ನೇ ಓದಿದವಳು. ನಂಗು ಎಂದು ನಾವು ಹೆಚ್ಚಾಗಿ ಕರೆಯುವುದು ಸಿನೋಗ್ಲಾಸಸ್ ಮ್ಯಾಕ್ರೋಸ್ಟೋಮಸ್ ಎಂಬ ಜಾತಿಯನ್ನು. ಕೊಂಕಣಿಯಲ್ಲಿ ಈ ಬಗೆಯ ಮೀನುಗಳಿಗೆ ಲೆಪೊ ಎನ್ನುತ್ತಾರೆ. ಸಿನೋಗ್ಲಾಸಸ್ ಎಂಬ ಗ್ರೀಕ್ ಹೆಸರಿಗೆ ನಾಯಿಯ ನಾಲಿಗೆ ಎಂದು ಅರ್ಥ. ನಿಮ್ಮ ಪ್ಲೇಸ್ ಮರಿಯ ಕಣ್ಣುಗಳು ಬಲಗಡೆಗಿದ್ದರೆ ನಂಗಿನ ಕಣ್ಣುಗಳು ಎಡಗಡೆಗಿರುತ್ತವೆ. ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗಿಳಿದ ಮೊದಲ ವಾರಗಳಲ್ಲಿ ಇದು ಬಂದರಿಗೆ ರಾಶಿ ರಾಶಿಯಾಗಿ ಬರುತ್ತದೆ.

ಒಂದು ಎಚ್ಚರವನ್ನು ಮೊದಲೇ ಹೇಳಬೇಕು. ನಂಗು ಮುಖ್ಯವಾಗಿ ದಡಕ್ಕೆ ಹತ್ತಿರದ ಸಮುದ್ರದ ಕೆಸರು ತಳದ ಮೀನು. ಪ್ಲೇಸ್ ಮತ್ತು ಫ್ಲೌಂಡರ್ ಮರಿಗಳಂತೆ ಬಯಲನ್ನೂ ಅಳಿವೆಯನ್ನೂ ತೊಟ್ಟಿಲಾಗಿ ಮಾಡಿಕೊಂಡದ್ದಲ್ಲ. ನಮ್ಮ ಅಳಿವೆಗಳೊಳಗೆ ಸಿಗುವ ಚಪ್ಪಟೆ ಮರಿಗಳಲ್ಲಿ ಸಿನೋಗ್ಲಾಸಸ್ ಬಳಗದ ಇತರ ಜಾತಿಗಳೂ, ಸ್ಯೂಡೊರಾಂಬಸ್ ಆರ್ಸಿಯಸ್ ಎಂಬ, ದೊಡ್ಡದಾದ ಮೇಲೆ ಮೀನು ಸೀಗಡಿಗಳನ್ನೇ ಹಿಡಿದು ತಿನ್ನುವ ಹಲ್ಲಿನ ಮೀನಿನ ಮರಿಗಳೂ ಇರುತ್ತವೆ. ಆದರೆ ಆಹಾರದ ವಿಷಯದಲ್ಲಿ ಚೆನ್ನಾಗಿ ಅಧ್ಯಯನವಾಗಿರುವುದು ನಂಗು, ಆ ಅಧ್ಯಯನ ನಮ್ಮ ನಾಡಿನವರು ಹೆಮ್ಮೆಪಡಬೇಕಾದದ್ದು.

1950ರ ದಶಕದ ಮೊದಲ ವರ್ಷಗಳಲ್ಲಿ ಕೋಳಿಕ್ಕೋಡಿನಲ್ಲಿದ್ದ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಾಖೆಯಲ್ಲಿ ಜಿ. ಶೇಷಪ್ಪ ಮತ್ತು ಬಿ. ಎಸ್. ಭೀಮಾಚಾರ್ ಈ ಮೀನನ್ನು ಕೈಗೆತ್ತಿಕೊಂಡರು. ಆಗ ಅದನ್ನು ಸಿನೋಗ್ಲಾಸಸ್ ಸೆಮಿಫ್ಯಾಸಿಯೇಟಸ್ ಎಂದು ಕರೆಯುತ್ತಿದ್ದರು. ಅವರು ಕಂಡುಕೊಂಡಂತೆ ನಂಗಿನ ಮುಖ್ಯ ಆಹಾರ ಮೈಮೇಲೆ ಬಿರುಗೂದಲಿರುವ ಪಾಲಿಕೀಟ್ ಹುಳುಗಳು, ಅದರಲ್ಲೂ ಪ್ರಿಯೋನೋಸ್ಪಿಯೊ ಪಿನ್ನಾಟಾ. ಜೊತೆಗೆ ಆಂಫಿಪಾಡ್‌ಗಳು, ಎಳೆಯ ಚಿಪ್ಪುಗಳು. ಗಮನಿಸಿ, ಈ ಹುಳು ಕಡಲತಳ ಅವರು ಮೀಸೆ ಕಳೆದುಕೊಳ್ಳುವವು ಎಂದ ಸ್ಪಿಯಾನಿಡ್ ಬಳಗಕ್ಕೇ ಸೇರಿದ್ದು. ತೇವದ ಉತ್ತರ ಯುರೋಪಿನಲ್ಲೂ ನಮ್ಮ ಮಲಬಾರ್ ಕರಾವಳಿಯಲ್ಲೂ ಚಪ್ಪಟೆ ಮೀನಿನ ಊಟ ಒಂದೇ ಬಳಗದ ಹುಳುವಿನ ಬಳಿ ಬಂದು ನಿಲ್ಲುವುದು ನನಗೆ ಪ್ರತಿ ಸಲವೂ ಬೆರಗು ತರುತ್ತದೆ.

ಅವರ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಹುರುಪೆಗಳ ಮೇಲಿನ ಗೆರೆಗಳ ವಿಷಯ. ತಣ್ಣನೆಯ ದೇಶಗಳಲ್ಲಿ ಚಳಿಗಾಲ ಬಂದಾಗ ಮೀನಿನ ಬೆಳವಣಿಗೆ ತಗ್ಗುತ್ತದೆ, ಹುರುಪೆಯ ಮೇಲೆ ಗೆರೆ ಬೀಳುತ್ತದೆ, ಅದನ್ನು ಎಣಿಸಿ ವಯಸ್ಸು ಹೇಳುತ್ತಾರೆ. ನಮ್ಮಲ್ಲಿ ಅಂಥ ಚಳಿಯಿಲ್ಲ, ಆದ್ದರಿಂದ ಉಷ್ಣವಲಯದ ಮೀನಿನಲ್ಲಿ ಈ ಲೆಕ್ಕ ನಡೆಯದು ಎಂಬ ಅನುಮಾನ ಆಗ ಬಲವಾಗಿತ್ತು. ಶೇಷಪ್ಪ ಮತ್ತು ಭೀಮಾಚಾರ್ ನಂಗಿನ ಹುರುಪೆಯ ಮೇಲೂ ಗೆರೆಯನ್ನು ಕಂಡರು, ಅದು ಮುಂಗಾರಿನ ತಿಂಗಳುಗಳಲ್ಲಿ ಬೀಳುವುದನ್ನು ತೋರಿಸಿದರು, ಮತ್ತು ಕಾರಣ ಹಸಿವು ಎಂದರು: ಮಳೆಗಾಲದಲ್ಲಿ ದಡದ ಬಳಿಯ ತಳ ಕಲಕಿಹೋಗುತ್ತದೆ, ತಳದ ಹುಳುಗಳು ಬಹುಪಾಲು ಇಲ್ಲವಾಗುತ್ತವೆ, ಮಳೆ ನಿಂತ ಮೇಲೆ ಮತ್ತೆ ಹುಟ್ಟಿ ತುಂಬಿಕೊಳ್ಳುತ್ತವೆ. ಹಸಿದ ತಿಂಗಳುಗಳ ಗುರುತು ಮೀನಿನ ಮೈಮೇಲೆಯೇ ಬರೆದಿರುತ್ತದೆ.

ಮನೆಯಲ್ಲೇ ಇದನ್ನು ಸ್ವಲ್ಪಮಟ್ಟಿಗೆ ನೋಡಬಹುದು. ನಂಗನ್ನು ಹೆರೆಯುವಾಗ ತಲೆಯ ಕಡೆಯಿಂದ ಚರ್ಮ ಸುಲಿದ ಮೇಲೆ, ಕಿವಿರಿನ ಹಿಂದೆಯೇ ಸಣ್ಣ ಹೊಟ್ಟೆಯ ಗೂಡು ಸಿಗುತ್ತದೆ. ಕರುಳು ಹೊಲಿಗೆ ದಾರದ ಸುರುಳಿಯಂತಿರುತ್ತದೆ. ಅದನ್ನು ಬಿಳಿಯ ಬಟ್ಟಲಿನಲ್ಲಿ ಹನಿ ನೀರು ಹಾಕಿ ಮೆಲ್ಲಗೆ ಒತ್ತಿದರೆ ಬೂದು ಬಣ್ಣದ ಹಿಟ್ಟಿನಂಥ ಕೆಸರು ಹೊರಬರುತ್ತದೆ. ಮೊದಲ ನೋಟಕ್ಕೆ ಅದು ಬರಿಯ ಮಣ್ಣು. ಮಸೂರ ಹಿಡಿದು ಬೆಳಕಿಗೆ ಓರೆಯಾಗಿ ನೋಡಿದರೆ ಅದರೊಳಗೆ ಕೂದಲಿಗಿಂತ ತೆಳುವಾದ, ಗಾಜಿನಂತೆ ಹೊಳೆಯುವ ಚೂರುಗಳು ಕಾಣುತ್ತವೆ: ಕರಗಿಹೋದ ಹುಳುವಿನ ಮೈಮೇಲಿದ್ದ ಬಿರುಗೂದಲುಗಳು. ಒಮ್ಮೆ ನನಗೆ ಸಾಸಿವೆಯ ಅರ್ಧದಷ್ಟಿದ್ದ, ಎರಡೂ ಹೋಳು ಕೂಡಿಕೊಂಡೇ ಇದ್ದ ಮರುವಾಯಿ ಮರಿಯೊಂದು ಸಿಕ್ಕಿತ್ತು.

ಪ್ರಶ್ನೆ ಕೇಳಿದವರು: ಹೊಳೆಸಾಲು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ಕಳೆದ ಶನಿವಾರ ಇಳಿತದ ಹೊತ್ತು ನೋಡಿಕೊಂಡು ದಡದ ಹತ್ತಿರದ ಗುಂಡಿಯೊಂದರ ಬಳಿ ಮುಕ್ಕಾಲು ಗಂಟೆ ಅಲುಗದೆ ಕೂತಿದ್ದೆ. ಕೆಸರಿನಿಂದ ಬಿಳಿಯ ದಾರದಂಥ ಕೊಳವೆಯೊಂದು ಮೆಲ್ಲಗೆ ಮೇಲೆ ಬಂದು ಸುತ್ತಲಿನ ನೆಲವನ್ನು ತಡವತೊಡಗಿತು. ಒಂದು ಗೇಣು ದೂರದಲ್ಲಿ ನಾನು ಕಲ್ಲೆಂದುಕೊಂಡಿದ್ದ ಚೂರಿನ ಎರಡು ಕಣ್ಣುಗಳಲ್ಲಿ ಒಂದು ಅತ್ತ ತಿರುಗಿತು, ಇನ್ನೊಂದು ನನ್ನ ಕಡೆಗೇ ಇತ್ತು. ಮರಿ ರೆಕ್ಕೆಯ ಅಂಚಿನ ಮೇಲೆ ತೆವಳುತ್ತ ಎರಡು ಸಲ ನಿಂತು ನಿಂತು ಮುಂದೆ ಬಂತು, ತಲೆಯನ್ನು ತುಸು ಎತ್ತಿತು, ಕೆಳಕ್ಕೆ ಕುಕ್ಕಿತು. ಸಣ್ಣ ಧೂಳು ಎದ್ದು ಇಳಿದಾಗ ಕೊಳವೆ ಇರಲಿಲ್ಲ. ಇಷ್ಟೆಲ್ಲ ನಡೆದದ್ದು ನಾನು ಬರೆಯಲು ತೆಗೆದುಕೊಂಡ ಸಮಯದ ಹತ್ತರಲ್ಲೊಂದು ಪಾಲಿನಲ್ಲಿ.

ಇನ್ನೊಂದು ಸಂದೇಹವಿದೆ. ಬಂದರಿನವಳು ಅವರು ಹೇಳಿದಂತೆ ಹುಳು ಕರಗಿಹೋಗಿ ಬಿರುಗೂದಲು ಮಾತ್ರ ಉಳಿಯುವುದಾದರೆ, ಚಿಪ್ಪಿರುವ ಪ್ರಾಣಿಗಳು ಲೆಕ್ಕಕ್ಕೆ ಹೆಚ್ಚು ಸಿಕ್ಕಿ ಮೃದು ಪ್ರಾಣಿಗಳು ತಪ್ಪಿಹೋಗುವುದಿಲ್ಲವೇ? ಮರಿ ಏನು ತಿಂದಿತೆಂದು ಖಚಿತವಾಗಿ ಹೇಗೆ ಹೇಳುತ್ತೀರಿ?

ಉತ್ತರ: ಕಡಲತಳ

ನೀವು ಎತ್ತಿದ್ದು ಈ ಕ್ಷೇತ್ರದ ಹಳೆಯ ಮತ್ತು ನ್ಯಾಯವಾದ ಆಕ್ಷೇಪ. ಪಶ್ಚಿಮವಾಹಿನಿ ಅವರು ಒತ್ತು ಕೊಟ್ಟ ಮಾತನ್ನೂ ಒಪ್ಪುತ್ತೇನೆ. ಬಯಲು ಮತ್ತೆ ಮತ್ತೆ ಊಟ ಕೊಡುತ್ತದೆ ಎಂದೆನೇ ಹೊರತು ಎಲ್ಲ ಮರಿಗಳಿಗೂ ಸಾಕಾಗುವಷ್ಟು ಕೊಡುತ್ತದೆ ಎಂದು ಹೇಳುವಂತಿಲ್ಲ.

ಹೊಟ್ಟೆಯ ಪರೀಕ್ಷೆಯಲ್ಲಿ ಮೊದಲ ಎಚ್ಚರ ಸಮಯದ್ದು. ಬೇಸಿಗೆಯ ನೀರಿನಲ್ಲಿ ಮೃದು ಆಹಾರ ಕೆಲವೇ ಗಂಟೆಗಳಲ್ಲಿ ಕರಗುತ್ತದೆ, ಆದ್ದರಿಂದ ಮರಿಗಳನ್ನು ಅವು ತಿನ್ನುವ ಹೊತ್ತಿನಲ್ಲೇ ಹಿಡಿದು, ಕೂಡಲೇ ತಣ್ಣಗಿಟ್ಟು ಅಥವಾ ಫಾರ್ಮಲಿನ್‌ನಲ್ಲಿಟ್ಟು ತರಬೇಕು. ಪ್ಲೇಸ್‌ಗೆ ಹಗಲಿನ ಭರತ, ಸೋಲ್‌ಗೆ ರಾತ್ರಿ. ಹೊತ್ತು ತಪ್ಪಿ ಹಿಡಿದು ಹೊಟ್ಟೆ ಖಾಲಿ ಎಂದು ಬರೆದರೆ ಅದು ಮೀನಿನ ಹಸಿವಲ್ಲ, ಹಿಡಿದವರ ತಪ್ಪು. ಎರಡನೆಯದು ಉಳಿಕೆಗಳನ್ನು ಓದುವ ಅಭ್ಯಾಸ: ಹೆಡಿಸ್ಟೆ ಕರಗಿದರೂ ಅದರ ಕಪ್ಪಾದ ಕುಡುಗೋ‍ಲಿನಂಥ ದವಡೆಗಳ ಜೋಡಿ ಉಳಿಯುತ್ತದೆ, ಜೋಡಿಗಳನ್ನು ಎಣಿಸಿದರೆ ಹುಳುಗಳ ಸಂಖ್ಯೆಯೂ, ದವಡೆಯನ್ನು ಅಳೆದರೆ ಹುಳುವಿನ ಗಾತ್ರವೂ ಸಿಗುತ್ತದೆ. ಸ್ಪಿಯಾನಿಡ್‌ಗಳಿಗೆ ಇಂಥ ದವಡೆಯಿಲ್ಲ, ಬಿರುಗೂದಲುಗಳ ಆಕಾರವೇ ಆಧಾರ. ಕಣ್ಣಿಗೆ ಏನೂ ಸಿಗದ ಕಡೆ ಈಗ ಹೊಟ್ಟೆಯೊಳಗಿನ ಪದಾರ್ಥದ ಡಿಎನ್‌ಎ ಓದಿ ಜಾತಿಗಳನ್ನು ಗುರುತಿಸುತ್ತಾರೆ. ಆದರೆ ಕೊಳವೆಯ ತುದಿ ತಿಂದಿತೋ ಇಡೀ ಚಿಪ್ಪಿನ ಪ್ರಾಣಿಯನ್ನು ತಿಂದಿತೋ ಎಂಬುದನ್ನು ಡಿಎನ್‌ಎ ಹೇಳಲಾರದು, ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು.

ಮೂರನೆಯ ದಾರಿ ಮರಿಯ ಮಾಂಸದಲ್ಲಿರುವ ಇಂಗಾಲ ಮತ್ತು ಸಾರಜನಕದ ಐಸೊಟೋಪ್‌ಗಳನ್ನು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳನ್ನು, ಅಳೆಯುವುದು. ಹೊಟ್ಟೆ ಹೇಳುವುದು ಇವತ್ತಿನ ಊಟವನ್ನು, ಮಾಂಸ ಹೇಳುವುದು ಕಳೆದ ಹಲವು ವಾರಗಳ ಊಟವನ್ನು. ಕೆಸರಿನ ಮೇಲಿನ ಡಯಾಟಮ್‌ಗಳಲ್ಲಿ ಭಾರದ ಇಂಗಾಲ, ಅಂದರೆ ಇಂಗಾಲ 13, ನದಿಯಿಂದ ಬರುವ ಎಲೆಕಸದಲ್ಲಿ ಇರುವುದಕ್ಕಿಂತ ಹೆಚ್ಚು. ಆದ್ದರಿಂದ ಮರಿಯ ಊಟದ ಮೂಲ ಪಾಚಿಯೋ ನದಿಯೋ ಎಂಬುದನ್ನು ಬೇರ್ಪಡಿಸಬಹುದು. ವಾಡನ್ ಸಮುದ್ರದಲ್ಲಿ ಹೀಗೆ ಅಳೆದಾಗ ಬಹಳಷ್ಟು ಪ್ರಾಣಿಗಳ ಆಹಾರದ ಬೇರು ಹೋಗಿ ಮುಟ್ಟಿದ್ದು ಆ ಚಿನ್ನದ ಬಣ್ಣದ ಲೇಪಕ್ಕೇ.

ಇಷ್ಟು ಜತನದ ಹಿಂದೆ ಒಂದು ಪರಂಪರೆಯೂ ಇದೆ. ಡೆನ್ಮಾರ್ಕಿನ ಸಿ. ಜಿ. ಜೆ. ಪೀಟರ್ಸನ್ 20ನೆಯ ಶತಮಾನದ ಆರಂಭದಲ್ಲಿ, ಸಮುದ್ರದ ತಳದ ಒಂದು ಚದರ ಅಳತೆಯನ್ನು ಹಿಡಿದೆತ್ತಿ ಅದರಲ್ಲಿರುವ ಜೀವಿಗಳನ್ನು ತೂಗಿ ಎಣಿಸುವ ಉಪಕರಣವನ್ನು ಮಾಡಿದ್ದು, ಪ್ಲೇಸ್‌ನಂಥ ಮೀನುಗಳಿಗೆ ಎಲ್ಲಿ ಎಷ್ಟು ಊಟವಿದೆ ಎಂದು ತಿಳಿಯುವುದಕ್ಕಾಗಿ. ತಳಜೀವಿಗಳ ಎಣಿಕೆಯ ಶಾಸ್ತ್ರ ಶುರುವಾದದ್ದೇ ನೀವು ಕೇಳಿದ ಈ ಪ್ರಶ್ನೆಯಿಂದ ಎನ್ನಬಹುದು.

ಊರಿಗೆ ಹೋದಾಗ ಡಿಸೆಂಬರ್ ಅಥವಾ ಜನವರಿಯ ಇಳಿತವೊಂದನ್ನು ಆರಿಸಿಕೊಳ್ಳಿ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿದೆ, ಬಳಚು ತೆಗೆಯುವವರು ಯಾವ ಕೆಸರು ಹೇಗಿದೆ ಎಂದು ನಮಗಿಂತ ಚೆನ್ನಾಗಿ ಬಲ್ಲರು. ಅವರ ಜೊತೆ ಹೋಗಿ. ಒಂದು ಹಿಡಿ ಮೇಲ್ಪದರದ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಬಿಳಿಯ ತಟ್ಟೆಯಲ್ಲಿ ಹರಡಿ, ಚಿತ್ರ ತೆಗೆದು ಇಲ್ಲಿ ಹಾಕಿ. ಯಾವುದು ಹುಳು, ಯಾವುದು ಹುಳುವಿನ ಮೀಸೆ ಎಂದು ಒಟ್ಟಿಗೇ ನೋಡೋಣ.